ಕೊಡುವವನು ಧಣಿಯೇ?

ಜೀವ ಕೊಟ್ಟವನು ದೇವರು, ಕೊಟ್ಟ ಜೀವವನ್ನು ದಿನದಿನವೂ ಸಾಕುವವನೂ ದೇವರು. ಕ್ರೈಸ್ತ ನಂಬಿಕೆಯ ಬುಡವೇ ಇದು. ಹಾಸ್ಟೆಲಿನಲ್ಲಿ ಗೆಳೆಯನ ಬೈಬಲ್ ಓದುವಾಗ ಈ 'ಕೊಡುವವನು' ಅನ್ನೋ ಮಾತು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು. ನಮ್ಮ ತಾತ ಜೀತಕ್ಕಿದ್ದ ಮನೆಯ ಧಣಿಯೂ ಕೊಡುವವನೇ. ರಾಗಿ ಕೊಡುತ್ತಿದ್ದ, ಹಳೇ ಪಂಚೆ ಕೊಡುತ್ತಿದ್ದ, ನೀರನ್ನು ಮೇಲಿಂದ ಬೊಗಸೆಗೆ ಹುಯ್ಯುತ್ತಿದ್ದ. ಕೊಟ್ಟದ್ದೆಲ್ಲ ಲೆಕ್ಕಕ್ಕೆ ಸೇರಿ ತಾತನ ಆಯಸ್ಸೇ ಬಡ್ಡಿಗೆ ಹೋಯಿತು. ಆದರೂ ತಾತ ಅವನನ್ನು ಕರೆಯುತ್ತಿದ್ದುದು 'ಅನ್ನದಾತ್ರು' ಅಂತಲೇ. ಹಾಗಾದರೆ ಆಕಾಶದಲ್ಲೂ ಒಬ್ಬ ಧಣಿ ಕೂತಿದ್ದಾನೆಯೇ? ಉಸಿರನ್ನೇ ಸಾಲ ಕೊಟ್ಟು ನಮ್ಮನ್ನು ಜೀತಕ್ಕಿಟ್ಟಿದ್ದಾನೆಯೇ?

ವಿಮೋಚನಕಾಂಡದ 16ನೇ ಅಧ್ಯಾಯ ನನ್ನನ್ನು ಸ್ವಲ್ಪ ಅಲುಗಾಡಿಸಿತು. ಈಜಿಪ್ಟಿನ ಜೀತ ಬಿಟ್ಟು ಬಂದ ಜನ ಮರುಭೂಮಿಯಲ್ಲಿ ಹಸಿದು, ಜೀತದ ನಾಡಿನ ಮಾಂಸದ ಗಡಿಗೆಗಳನ್ನೇ ನೆನೆದು ಗೊಣಗುತ್ತಾರೆ. (ಹಸಿವಿಗೆ ಎಂಥಾ ನೆನಪು ನೋಡಿ!) ಆಗ ನೆಲದ ಮೇಲೆ ಮನ್ನ ಬೀಳುತ್ತದೆ. ತಲೆಗೊಂದು ಓಮೆರ್. ಹೆಚ್ಚು ಬಾಚಿದವನಿಗೆ ಹೆಚ್ಚಾಗಲಿಲ್ಲ, ಕಡಿಮೆ ಆಯ್ದವನಿಗೆ ಕೊರತೆಯಾಗಲಿಲ್ಲ. ನಾಳೆಗೆಂದು ಬಚ್ಚಿಟ್ಟದ್ದು ಹುಳ ಬಿದ್ದು ನಾರಿತು. ಸಬ್ಬತ್ ದಿನಕ್ಕೆ ಇಟ್ಟದ್ದು ಮಾತ್ರ ಕೆಡಲಿಲ್ಲ, ಯಾಕೆಂದರೆ ಅದು ದುಡಿದ ಮೈಗೆ ಬಿಡುವು. ಇಲ್ಲಿ ಅಳತೆ ಹೊಟ್ಟೆಯದು, ಅಂತಸ್ತಿನದಲ್ಲ. ಕಣಜ ಕಟ್ಟುವ ಧಣಿ ಇಂಥಾ ಕಾನೂನು ಮಾಡುತ್ತಾನೆಯೇ?

ಆದರೂ ನನ್ನ ಜಗಳ ಮುಗಿಯಲಿಲ್ಲ. ಒಳ್ಳೆಯವರು ಕೆಟ್ಟವರೆನ್ನದೆ ದೇವರು ಎಲ್ಲರ ಮೇಲೂ ಮಳೆ ಸುರಿಸುತ್ತಾನೆ ಅಂದ ಯೇಸು. ಸರಿ ಸ್ವಾಮಿ, ಹೊಲ ಯಾರದು? ಹೊಲವಿಲ್ಲದವನ ಮೇಲೆ ಬಿದ್ದ ಮಳೆ ಸೂರಿನಿಂದ ಸೋರುತ್ತದೆ, ಅಷ್ಟೇ. ಸಭೆಯವರೂ ಇದನ್ನು ಬೇಗ ಮರೆತರು. ಕೊರಿಂಥದಲ್ಲಿ ಕರ್ತನ ಭೋಜನಕ್ಕೆ ಕೂಡಿದಾಗ ಕೆಲವರು ತಿಂದು ಕುಡಿದು ಮತ್ತರಾದರು, ಇಲ್ಲದವರು ಹಸಿದು ಕೂತರು. ಪೌಲ ತನ್ನ ಪತ್ರದಲ್ಲಿ ಅದನ್ನು ಕಟುವಾಗಿಯೇ ಬೈದಿದ್ದಾನೆ. ನಮ್ಮ ದೇಶದಲ್ಲಂತೂ ಒಂದೇ ರೊಟ್ಟಿ ಮುರಿದು ತಿಂದವರಿಗೂ ಜಾತಿಗೊಂದು ಸ್ಮಶಾನ ಮಾಡಿದ ಊರುಗಳಿವೆ. ಜೀವ ಕೊಟ್ಟವನು ಒಬ್ಬನೇ, ಹೂಳೋಕೆ ಮಾತ್ರ ಎರಡು ಜಾಗ!

1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಶೂದ್ರ ದೇವಶಾಸ್ತ್ರವೊಂದು ಬೇಕೆಂದು ಮಾತಾಡಿದರು. ಮುಂದೆ ದಲಿತ ದೇವಶಾಸ್ತ್ರಕ್ಕೆ ದಾರಿ ಹಾಕಿದ ಅವರು, ದಲಿತರ ದೇವರು ಊಳಿಗದ ದೇವರು ಅಂದರು. ಕೊಡುವವನು ಮೇಲೆ ನಿಂತು ಹುಯ್ಯುವವನಲ್ಲ, ಕೆಳಗೆ ಕೂತು ಚಾಕರಿ ಮಾಡುವವನು. ಸಾಯುವ ಹಿಂದಿನ ರಾತ್ರಿ ಯೇಸು ಸೊಂಟಕ್ಕೆ ಟವಲು ಸುತ್ತಿ ಶಿಷ್ಯರ ಕಾಲು ತೊಳೆದದ್ದಕ್ಕೆ ನನಗೆ ಅರ್ಥ ಹುಟ್ಟಿದ್ದು ಆಗ. ಇಂಥವನ ಕೈಯಿಂದ ಜೀವ ಪಡೆದರೆ ಜೀತವಾಗಲಾರದು ಅನ್ನಿಸಿತು.

ಊರಿಗೆ ಹೋದಾಗ ಇದನ್ನೆಲ್ಲ ಅವ್ವನಿಗೆ ಹೇಳಿದೆ. ಮುದ್ದೆ ತಿರುವುತ್ತಾ ಸುಮ್ಮನೆ ಕೇಳಿಸಿಕೊಂಡಳು. ಕೊನೆಗೆ, "ಆ ಕಾಲು ತೊಳೆದ ನೀರ್ನ ಯಾರ್ ಚೆಲ್ಲಿದ್ರು ಮಗ?" ಅಂದಳು.