ಚದುರಿದ ಒಡಹುಟ್ಟುಗಳು

ಮೇ ನಡುವಿಗೆ ಜಗಳೂರು ಕಡೆಯ ರೈತರು ಕೃತ್ತಿಕೆ ಮಳೆಯ ದಾರಿ ಕಾಯುತ್ತಾರೆ. ಆ ದಿನಗಳಲ್ಲಿ ಸೂರ್ಯ ಕೃತ್ತಿಕೆಯ ಬಳಿಯೇ ಇರುವುದರಿಂದ ನಕ್ಷತ್ರ ಮಾತ್ರ ಕಣ್ಣಿಗೆ ಬೀಳದು. ಅದನ್ನು ಕಾರ್ತಿಕದಲ್ಲಿ ನೋಡಬೇಕು. ಕತ್ತಲಾದ ಮೇಲೆ ಮೂಡಣದಲ್ಲಿ ಆರೇಳು ಚುಕ್ಕಿಗಳ ಗೊಂಚಲು. ಬೈನಾಕ್ಯುಲರ್ ಹಿಡಿದರೆ ಹತ್ತಾರು. ನಿಜಕ್ಕೂ ಅಲ್ಲಿರುವುದು ಸಾವಿರಕ್ಕೂ ಹೆಚ್ಚು. ಎಲ್ಲವೂ ಸುಮಾರು 10 ಕೋಟಿ ವರ್ಷಗಳ ಹಿಂದೆ ಒಂದೇ ಅನಿಲದ ಮೋಡದಲ್ಲಿ ಹುಟ್ಟಿದವು. ಇನ್ನೊಂದು 25 ಕೋಟಿ ವರ್ಷ ಕಳೆದರೆ ಈ ಗೊಂಚಲು ಇರುವುದಿಲ್ಲ. ರೋಹಿಣಿಯ ಬೆನ್ನಿಗಿರುವ ಗುಚ್ಛ ಇದಕ್ಕಿಂತ ಹಳೆಯದು, ಸುಮಾರು 65 ಕೋಟಿ ವರ್ಷದ್ದು. ಅದರ ನಕ್ಷತ್ರಗಳು ಆಗಲೇ ಹಿಂದೆ ಮುಂದೆ ಬಾಲದ ಹಾಗೆ ಹರಡಿಕೊಂಡಿವೆ.

ಇದನ್ನು ನಾಶ ಎನ್ನಲು ನನಗೆ ಮನಸ್ಸು ಬಾರದು. ಹೀಗೆ ಕೈಬಿಟ್ಟು ಹೋದ ನಕ್ಷತ್ರಗಳೇ ಅಲ್ಲವೇ ಆಕಾಶಗಂಗೆಯನ್ನು ತುಂಬಿರುವುದು?

ಕೂಡುವುದು, ಬೇರೆಯಾಗುವುದು ನೆಲದ ಮೇಲೂ ಇದೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ಆಮೇಲೆ ಹೊನ್ನಾಳಿಯಿಂದ ನ್ಯಾಮತಿ ಬೇರೆಯಾಯಿತು. ಗೆರೆಗಳು ಬದಲಾಗುತ್ತಲೇ ಇವೆ. ಆದರೂ ಚನ್ನಗಿರಿಯ ಅಡಿಕೆ ತೋಟ ದಾಟಿ ಜಗಳೂರಿನ ಮೆಕ್ಕೆಜೋಳದ ಹೊಲಕ್ಕೆ ಬಂದವರಿಗೆ, ಇವೆರಡೂ ಮೊದಲಿನಿಂದ ಒಂದೇ ಸೀಮೆಯಲ್ಲ ಎಂದು ಯಾರೂ ಹೇಳಿಕೊಡಬೇಕಿಲ್ಲ.

ನಮ್ಮ ಗ್ಯಾಲಕ್ಸಿಯೂ ಹೀಗೆ ಕೂಡಿಬಂದದ್ದೇ. ಅದನ್ನು ಹೇಳುವುದು ಚೆಂಡಿನಂತೆ ಒತ್ತಾಗಿ ನೆರೆದ ನಕ್ಷತ್ರಗಳ 150ಕ್ಕೂ ಹೆಚ್ಚಿನ ಗೋಳಗುಚ್ಛಗಳು. ಬಹುಪಾಲು 1,000 ಕೋಟಿ ವರ್ಷ ದಾಟಿದ ಹಿರಿಯರು. ಒಂದೇ ವಯಸ್ಸಿನ ಎರಡರಲ್ಲಿ ಒಂದಕ್ಕೆ ಕಬ್ಬಿಣದ ಅಂಶ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ದೊಡ್ಡ ಗ್ಯಾಲಕ್ಸಿಯಲ್ಲಿ ನಕ್ಷತ್ರಗಳು ಬೇಗಬೇಗ ಹುಟ್ಟಿ ಸತ್ತು ಲೋಹವನ್ನು ಚೆಲ್ಲುತ್ತವೆ, ಸಣ್ಣದರಲ್ಲಿ ಆ ಕೆಲಸ ನಿಧಾನ. ಹಾಗಾಗಿ ಕಬ್ಬಿಣ ಕಡಿಮೆಯಿರುವ ಗುಚ್ಛ ಬಹುಶಃ ಹೊರಗಿನಿಂದ ಬಂದದ್ದು. ಅದರ ಚಲನೆಯೂ ಹೊರಗಿನಿಂದ ಬಂದವುಗಳ ಚಲನೆಗೆ ಹೊಂದಿದರೆ ಅನುಮಾನ ಗಟ್ಟಿಯಾಗುತ್ತದೆ. ಸುಮಾರು 1,000 ಕೋಟಿ ವರ್ಷಗಳ ಹಿಂದೆ ಆಕಾಶಗಂಗೆ ನುಂಗಿದ ಒಂದು ಗ್ಯಾಲಕ್ಸಿಯ ಗುರುತು 2018ರಲ್ಲಿ, ಗಾಯಾ ದೂರದರ್ಶಕದ ಅಳತೆಗಳಲ್ಲಿ ಸಿಕ್ಕಿತು. ಅದರ ಆಕಾರ ಎಂದೋ ಅಳಿದಿದೆ. ಗುಚ್ಛಗಳು ಉಳಿದಿವೆ.

ಕೃತ್ತಿಕೆ ಮಳೆಯ ದಿನಗಳಲ್ಲೇ, ಮೋಡ ಸರಿದರೆ, ರಾತ್ರಿ ಹತ್ತರ ಸುಮಾರಿಗೆ ತೆಂಕಣದಲ್ಲಿ ಒಮೇಗಾ ಸೆಂಟಾರಿ ಎಂಬ ಗೋಳಗುಚ್ಛ ಕಾಣುತ್ತದೆ. ಬರಿಗಣ್ಣಿಗೆ ಮಸುಕು ಚುಕ್ಕೆ, ಒಳಗೆ ಸುಮಾರು ಒಂದು ಕೋಟಿ ನಕ್ಷತ್ರ. ಅವು ಒಂದೇ ಕಾಲದವಲ್ಲ, ಲೋಹದ ಪ್ರಮಾಣವೂ ಬೇರೆಬೇರೆ. ಹೀಗಾಗಿ ಅದು ಹರಿದುಹೋದ ಗ್ಯಾಲಕ್ಸಿಯೊಂದರ ತಿರುಳೆಂದು ಬಹಳಷ್ಟು ವಿಜ್ಞಾನಿಗಳು ಬಗೆಯುತ್ತಾರೆ.

ನಮ್ಮ ಸೂರ್ಯನೂ 460 ಕೋಟಿ ವರ್ಷಗಳ ಹಿಂದೆ ಒಂದು ಗುಚ್ಛದಲ್ಲೇ ಹುಟ್ಟಿದ್ದಿರಬೇಕು. ಆ ಗುಚ್ಛ ಈಗಿಲ್ಲ. ಒಡಹುಟ್ಟುಗಳು ಗ್ಯಾಲಕ್ಸಿಯ ತುಂಬ ಚದುರಿವೆ. ಖಗೋಳ ವಿಜ್ಞಾನಿಗಳು ಲಕ್ಷಾಂತರ ನಕ್ಷತ್ರಗಳ ಬೆಳಕನ್ನು ಬಿಡಿಸಿ, ಸೂರ್ಯನದೇ ಧಾತುಗಳ ಪಾಲು ಇನ್ನಾವುದರಲ್ಲಿದೆ ಎಂದು ಒಂದೊಂದಾಗಿ ಹುಡುಕುತ್ತಿದ್ದಾರೆ.