ಚಿತ್ರ ತೋರಿಸಿ ಮಕ್ಕಳಿಗೆ ಬೋಧಿಸುವದು ಯುಕ್ತವೋ?



ತಂಬ್ರಹಳ್ಳಿಯ ಸುತ್ತುಮುತ್ತಲಲ್ಲಿಯೂ, ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಕಡೆಯಲ್ಲಿಯೂ ಮಕ್ಕಳಿಗೆ ಧರ್ಮಬೋಧೆ ಮಾಡುವವರ ಮುಂದೆ ಈಗ ಒಂದು ಪ್ರಶ್ನೆ ನಿಂತಿದೆ. ಬಿಳಿಯ ಪರದೆಯ ಮೇಲಾಗಲಿ ಅಂಗೈಯಗಲದ ಫೋನಿನಲ್ಲಾಗಲಿ ಕರ್ತನಾದ ಯೇಸುವಿನ ಚರಿತ್ರೆಯನ್ನು ಚಲಿಸುವ ಚಿತ್ರವಾಗಿ ತೋರಿಸುವದು ಸುಲಭವಾಗಿದೆ. ಅರ್ಧ ತಾಸು ಉಪದೇಶ ಕೇಳಲಾರದ ಹುಡುಗನು ಎರಡು ತಾಸು ಚಿತ್ರವನ್ನು ರೆಪ್ಪೆ ಬಡಿಯದೆ ನೋಡುತ್ತಾನೆ. ಹೀಗಿರಲಾಗಿ ಶಾಲೆಯಲ್ಲಿಯೂ ಸಭೆಯಲ್ಲಿಯೂ ಇದನ್ನೇ ಬೋಧನೆಯ ಮಾರ್ಗವಾಗಿ ಯಾಕೆ ಹಿಡಿಯಬಾರದು? ಇದು ಸಲಕರಣೆಯ ಪ್ರಶ್ನೆಯಂತೆ ತೋರಿದರೂ ನಿಜವಾಗಿ ಮನಸ್ಸಾಕ್ಷಿಯ ಪ್ರಶ್ನೆಯಾಗಿದೆ. ಆದಕಾರಣ ಸ್ವಲ್ಪ ನಿಂತು ವಿಚಾರಿಸೋಣ.

ಚಿತ್ರದ ವಿಷಯದಲ್ಲಿ ಕ್ರೈಸ್ತಸಭೆಯು ಹಿಂದಿನಿಂದಲೂ ಎರಡು ಮಾತು ಆಡುತ್ತಾ ಬಂದಿದೆ. ಸುಮಾರು 600ನೆಯ ವರುಷದಲ್ಲಿ ಮಾರ್ಸೇಲಿನ ಬಿಷಪನು ದೇವಾಲಯದ ಚಿತ್ರಗಳನ್ನು ಒಡೆಸಿದಾಗ, ರೋಮಾಪುರದ ಗ್ರೆಗೊರಿಯು ಅವನಿಗೆ ಪತ್ರ ಬರೆದು, ಅವುಗಳನ್ನು ಪೂಜಿಸಗೊಡದೆ ಇದ್ದದ್ದು ಒಳ್ಳೇದು, ಆದರೆ ಓದು ಬಾರದವರಿಗೆ ಅವು ಪುಸ್ತಕಕ್ಕೆ ಸಮಾನವಾದದರಿಂದ ಒಡೆಯಬಾರದಾಗಿತ್ತು ಎಂದು ತಿಳಿಸಿದನು. 1563ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಪ್ರಕಟವಾದ ಪ್ರಶ್ನೋತ್ತರ ಗ್ರಂಥವಾದರೋ ಇದನ್ನು ಒಪ್ಪದೆ, ದೇವಾಲಯದಲ್ಲಿ ಚಿತ್ರಗಳು ವಾಕ್ಯದ ಬೋಧನೆಗೆ ಬದಲಾಗಿ ನಿಲ್ಲಲಾರವೆಂದು ಕಲಿಸಿತು. ಇದ್ದಾಗ್ಯೂ ಚಿತ್ರವನ್ನು ಪುಸ್ತಕಕ್ಕೂ ಶಾಲೆಗೂ ತಂದವರಲ್ಲಿ ಪ್ರೊಟೆಸ್ಟಂಟರೇ ಮುಂದಾಳುಗಳು. 1534ರಲ್ಲಿ ಲೂಥರನು ಪ್ರಕಟಿಸಿದ ಜರ್ಮನ್ ಸತ್ಯವೇದದಲ್ಲಿ ಮರದ ಅಚ್ಚಿನ ಚಿತ್ರಗಳಿದ್ದವು. ಮೊರಾವಿಯ ದೇಶದ ಸಹೋದರ ಸಭೆಯ ಬಿಷಪನಾದ ಕೊಮೇನಿಯಸನು 1658ರಲ್ಲಿ ಮಕ್ಕಳಿಗೋಸ್ಕರ ಚಿತ್ರಮಯವಾದ ಪಾಠಪುಸ್ತಕವೊಂದನ್ನು ಪ್ರಕಟಿಸಿದನು. ಚಿತ್ರದೊಳಗಿನ ಒಂದೊಂದು ವಸ್ತುವಿಗೂ ಅಂಕೆ ಹಾಕಿ, ಅದರ ಹೆಸರನ್ನು ಲತೀನಿನಲ್ಲಿಯೂ ಜರ್ಮನಿನಲ್ಲಿಯೂ ಬರೆದಿದ್ದನು. ಈಗಿನ ಎಲ್ಲಾ ಚಿತ್ರಪಾಠಗಳಿಗೆ ಅದು ಹಿರಿಯಣ್ಣನು.

ಚಿತ್ರದ ಉಪಯೋಗವನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಸೀಮೆಯ ಎರೆಯ ಹೊಲದಲ್ಲಿ ಜೋಳವನ್ನು ಕೂರಿಗೆಯಿಂದ ಸಾಲು ಹಿಡಿದು ಬಿತ್ತುತ್ತಾರೆ. ಬಿತ್ತುವವನ ಸಾಮ್ಯವನ್ನು ಕೇಳಿದ ನಮ್ಮ ಹುಡುಗನು, ಬೀಜವು ದಾರಿಯ ಮೇಲೆಯೂ ಬಂಡೆಯ ಮೇಲೆಯೂ ಹೇಗೆ ಬಿತ್ತು, ಆ ರೈತನು ಅಷ್ಟು ಅಲಕ್ಷ್ಯದವನೋ, ಎಂದು ಕೇಳಿದರೆ ತಪ್ಪಿಲ್ಲ. ಕೈಯಿಂದ ಎರಚಿ ಬಿತ್ತುವವನ ಒಂದು ಚಿತ್ರವನ್ನು ತೋರಿಸಿದರೆ ಸಂಶಯವು ತೀರುವದು. ಆದರೆ ತಪ್ಪಿಹೋದ ಕುರಿಯ ಸಾಮ್ಯಕ್ಕೆ ಚಿತ್ರವೇ ಬೇಡ. ಕಂಬಳಿ ಹೊದ್ದು ಸಂಜೆಗೆ ಹಟ್ಟಿಯ ಬಳಿ ಕುರಿಗಳನ್ನು ಎಣಿಸುವವನನ್ನು ಅವನು ಕಣ್ಣಾರೆ ನೋಡಿದ್ದಾನೆ. ಅಲ್ಲಿ ಪರದೇಶದ ಕುರುಬನನ್ನು ತಂದು ನಿಲ್ಲಿಸಿದರೆ ಹತ್ತಿರವಿದ್ದದ್ದು ದೂರವಾಗುವದು. ಕಾಣದ್ದನ್ನು ಕಾಣಿಸುವದರಲ್ಲಿ ಚಿತ್ರವು ಒಳ್ಳೆಯ ಸೇವಕನು. ಈ ಮಟ್ಟಿಗೆ ವಿವಾದವಿಲ್ಲ.

ಆದರೆ ಚಲಿಸುವ ಚಿತ್ರದ ಬಲವು ಬೇರೆ. ಬಿಳಿಯ ಬಟ್ಟೆಯ ಹಿಂದೆ ದೀಪವಿಟ್ಟು ತೊಗಲುಗೊಂಬೆ ಆಡಿಸುವದನ್ನು ನಮ್ಮ ಹಿರಿಯರು ರಾತ್ರಿಯೆಲ್ಲಾ ನೋಡುತ್ತಿದ್ದರು. ಅಲ್ಲಿ ಗೊಂಬೆಯೆಂಬದು ಎಲ್ಲರಿಗೂ ಗೊತ್ತು. ಮಿಶನರಿಗಳು ತಂದ ಮಾಯಾದೀಪದಲ್ಲಿಯೂ ಚಿತ್ರವು ನಿಂತೇ ಇರುತ್ತಿತ್ತು, ಬೋಧಕನ ಬಾಯೇ ಮಾತಾಡುತ್ತಿತ್ತು. ಸಿನೆಮಾದಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳು ಕಣ್ಣ ಮುಂದೆ ಹಾದುಹೋಗುತ್ತವೆ. ನಮ್ಮ ಮನಸ್ಸು ಅವುಗಳನ್ನು ಕೂಡಿಸಿ ಜೀವವುಳ್ಳದ್ದೆಂದು ತಿಳಿಯುತ್ತದೆ. ಸಂಗೀತವು ಹೃದಯವನ್ನು ಹಿಡಿದು ನಡಿಸುತ್ತದೆ. ನಡುವೆ ಪ್ರಶ್ನೆ ಕೇಳಲು ಸ್ಥಳವಿಲ್ಲ. 1978ರ ತೆಲುಗು ಚಿತ್ರವಾದ ‘ಕರುಣಾಮಯುಡು’ ಅನೇಕ ಭಾಷೆಗಳಿಗೆ ತಿರುಗಿ ಊರೂರುಗಳಲ್ಲಿ ತೋರಿಸಲ್ಪಟ್ಟಿತು. ಲೂಕನ ಸುವಾರ್ತೆಯನ್ನು ಅನುಸರಿಸಿ 1979ರಲ್ಲಿ ತೆಗೆದ ‘ಜೀಸಸ್’ ಎಂಬ ಚಿತ್ರದ ಮಾತುಗಳನ್ನು ಕನ್ನಡದಲ್ಲಿಯೂ ಕೇಳಬಹುದು. ಮೊದಲನೆಯದರಲ್ಲಿ ಕರ್ತನ ಪಾತ್ರವನ್ನು ವಿಜಯಚಂದರ್ ಎಂಬ ನಟನೂ, ಎರಡನೆಯದರಲ್ಲಿ ಇಂಗ್ಲೆಂಡಿನ ಬ್ರಯನ್ ಡೀಕನ್ ಎಂಬ ನಟನೂ ವಹಿಸಿದರು. ನಾಲ್ಕು ಸುವಾರ್ತೆಗಳಲ್ಲಿ ಹುಡುಕಿದರೂ ಕರ್ತನ ಮುಖವು ಹೇಗಿತ್ತೆಂಬದಕ್ಕೆ ಒಂದು ಮಾತು ಸಿಕ್ಕದು. ಸುವಾರ್ತಿಕರು ಬರೆಯದೆ ಬಿಟ್ಟ ಮುಖವನ್ನು ನಾವು ಮಗುವಿನ ಮನಸ್ಸಿನಲ್ಲಿ ಅಚ್ಚೊತ್ತಿದರೆ, ಅದು ಪ್ರಾರ್ಥಿಸುವಾಗ ಯಾರನ್ನು ನೆನಸುವದು? ಇದನ್ನು ಯೋಚಿಸದೆ ಇರಕೂಡದು.

ಇನ್ನು ಕಣ್ಣೀರಿನ ವಿಷಯ. ಶಿಲುಬೆಯ ದೃಶ್ಯವನ್ನು ನೋಡಿ ಮಕ್ಕಳು ಅತ್ತರೆ ಬೋಧಕನಿಗೆ ಸಂತೋಷವಾಗುತ್ತದೆ. ಆದರೆ ಅದೇ ಮಗುವು ಮರುದಿನ ಬೇರೊಂದು ಚಿತ್ರದಲ್ಲಿ ಬಸವನು ಸತ್ತದ್ದನ್ನು ನೋಡಿ ಅಷ್ಟೇ ಅಳುವದು. ಕಣ್ಣೀರು ಮೃದುವಾದ ಹೃದಯದ ಗುರುತು, ನಂಬಿಕೆಯ ಗುರುತಲ್ಲ. ಒಂದೇ ಚಿತ್ರವು ನೋಡುವವರಲ್ಲಿ ಬೇರೆ ಬೇರೆ ಫಲ ಕೊಡುವದೆಂಬದಕ್ಕೆ ನಮ್ಮ ದೇಶದಲ್ಲಿಯೇ ಪ್ರಸಿದ್ಧವಾದ ಸಾಕ್ಷಿಯುಂಟು. 1910-11ರ ಸುಮಾರಿಗೆ ಬೊಂಬಾಯಿಯಲ್ಲಿ ದಾದಾಸಾಹೇಬ ಫಾಳಕೆ ಎಂಬವರು ಕ್ರಿಸ್ತನ ಜೀವನದ ಚಿತ್ರವನ್ನು ನೋಡಿದರು. ಅವರ ಮನಸ್ಸು ಬಹಳವಾಗಿ ಕದಲಿತು. ಆದರೆ ಆ ಚಿತ್ರವು ಕಣ್ಣ ಮುಂದೆ ಓಡುತ್ತಿದ್ದಾಗ ಅವರು ಒಳಗಣ್ಣಿನಿಂದ ಕಂಡದ್ದು ರಾಮನನ್ನೂ ಕೃಷ್ಣನನ್ನೂ. ನಮ್ಮ ದೇವರುಗಳ ಕಥೆಗಳು ಹೀಗೆ ಪರದೆಯ ಮೇಲೆ ಬರುವದೆಂದು ಎಂದು ಯೋಚಿಸುತ್ತಾ ಅವರು ಮನೆಗೆ ಹೋದರು. ಅದರ ಫಲವೇ 1913ರ ‘ರಾಜಾ ಹರಿಶ್ಚಂದ್ರ’. ಇದರಲ್ಲಿ ನಾವು ದುಃಖಪಡತಕ್ಕದ್ದೇನೂ ಇಲ್ಲ. ಆದರೆ ಚಿತ್ರವನ್ನು ಬಲೆಯೆಂದು ಎಣಿಸುವವರು ಇದನ್ನು ನೆನಸಲಿ. ಫಾಳಕೆಯವರು ಪ್ರಾಯಸ್ಥರು, ಟಿಕೀಟು ಕೊಂಡು ಒಳಗೆ ಹೋದರು, ಬೇಡವಾಗಿದ್ದರೆ ಎದ್ದು ಬರುತ್ತಿದ್ದರು. ಶಾಲೆಯ ಮಗುವು ಹಾಗಲ್ಲ. ಅದು ಎದ್ದು ಹೋಗಲಾರದು.

ಈ ಮಾತಿನಲ್ಲಿಯೇ ನಮ್ಮ ವಿಚಾರದ ಸಾರವಿದೆ. ಆಗ ಮದ್ರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಶನಿನ ಜಾನ್ ಹ್ಯಾಂಡ್ಸರು ಬಂದರು. ಅವರೂ ಅವರ ಜೊತೆಕೆಲಸದವರೂ ದುಡಿದದ್ದರಿಂದ 1831ರೊಳಗೆ ಇಡೀ ಸತ್ಯವೇದವು ಕನ್ನಡದಲ್ಲಿ ದೊರೆಯಿತು. 1846ರಲ್ಲಿ ಬಳ್ಳಾರಿಯ ವಾರ್ಡ್‌ಲಾ ಶಾಲೆ ಹುಟ್ಟಿತು. 1854ರ ಸರಕಾರದ ಆಜ್ಞಾಪತ್ರವು ಬೋಧಿಸುವ ಮತವನ್ನು ನೋಡದೆ ಶಾಲೆಗಳಿಗೆ ಸಹಾಯಧನ ಕೊಡುವ ಕ್ರಮವನ್ನು ಸ್ಥಾಪಿಸಿತು. ಆ ಕಾಲದ ಅನೇಕ ಮಿಶನ್ ಶಾಲೆಗಳಲ್ಲಿ ವೇದಪಾಠದ ತಾಸಿಗೆ ಎಲ್ಲಾ ಮಕ್ಕಳೂ ಕೂಡ್ರಬೇಕಾಗಿತ್ತು. ಈಗ ಹಾಗಿಲ್ಲ. 1950ರಲ್ಲಿ ಜಾರಿಗೆ ಬಂದ ಭಾರತ ಸಂವಿಧಾನದ 28ನೆಯ ಅನುಚ್ಛೇದದ ಪ್ರಕಾರ, ಪೂರ್ತಿಯಾಗಿ ಸರಕಾರದ ಹಣದಿಂದಲೇ ನಡೆಯುವ ಶಾಲೆಗಳಲ್ಲಿ ಮತಬೋಧನೆ ಇರಕೂಡದು; ಸರಕಾರದ ಮನ್ನಣೆಯನ್ನಾಗಲಿ ಸಹಾಯವನ್ನಾಗಲಿ ಪಡೆದ ಶಾಲೆಗಳಲ್ಲಿ ತಂದೆತಾಯಿ ಅಥವಾ ಪೋಷಕರ ಸಮ್ಮತಿಯಿಲ್ಲದೆ ಯಾವ ಮಗುವನ್ನೂ ಅಂಥ ಬೋಧನೆಗೆ ಕೂಡ್ರಿಸಕೂಡದು.

ಕೆಲವರು ಇದನ್ನು ಸುವಾರ್ತೆಗೆ ಅಡ್ಡಿಯೆಂದು ಗುಣುಗುಟ್ಟುತ್ತಾರೆ. ನಾವೂ ಒಂದು ಕಾಲದಲ್ಲಿ ಹಾಗೆಯೇ ಎಣಿಸಿದ್ದೆವು. ಹಲವು ವರುಷಗಳ ಕೆಳಗೆ ಒಂದು ಶಾಲೆಯಲ್ಲಿ ನಾವು ಬಾಗಿಲು ಕಿಟಕಿಗಳನ್ನು ಮುಚ್ಚಿ, ಕತ್ತಲೆ ಮಾಡಿ, ಎಲ್ಲಾ ಮಕ್ಕಳಿಗೂ ಕರ್ತನ ಶ್ರಮೆಯ ಚಿತ್ರವನ್ನು ತೋರಿಸಿದೆವು. ಒಬ್ಬ ಹುಡುಗನು ಬಿಕ್ಕಿ ಬಿಕ್ಕಿ ಅತ್ತನು. ದೇವರ ಕೆಲಸವಾಯಿತೆಂದು ನಾವು ಹಿಗ್ಗಿದೆವು. ಮರುದಿನ ಬೆಳಿಗ್ಗೆ ಅವನ ತಂದೆಯು ಬಂದು, ಹೆಗಲ ಮೇಲಿನ ವಲ್ಲಿಯನ್ನು ಕೈಗೆ ತೆಗೆದುಕೊಂಡು, “ಮೇಷ್ಟ್ರೇ, ರಾತ್ರಿ ಹುಡುಗ ನಿದ್ದೆ ಮಾಡಲಿಲ್ಲ. ನೀವು ತೋರಿಸಿದ್ದು ಕೆಟ್ಟದ್ದೆಂದು ನಾನು ಅನ್ನುವದಿಲ್ಲ. ಕೇಳಿದ್ದರೆ ಆಗಲಿ ಅನ್ನುತ್ತಿದ್ದೆನೋ ಏನೋ. ಆದರೆ ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲಾ?” ಅಂದನು. ಅವನು ಸಿಟ್ಟು ಮಾಡಿದ್ದರೆ ಉತ್ತರ ಕೊಡುತ್ತಿದ್ದೆವು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ನಮ್ಮ ಮಕ್ಕಳನ್ನೂ ಬೇರೊಂದು ಶಾಲೆಯಲ್ಲಿ ಕತ್ತಲೆಯ ಕೋಣೆಯಲ್ಲಿ ಕೂಡ್ರಿಸಿ, ನಮಗೆ ತಿಳಿಸದೆ ಬೇರೊಂದು ಮತದ ಚಿತ್ರವನ್ನು ತೋರಿಸಿ ಅಳಿಸಿದರೆ ನಾವು ಸುಮ್ಮನಿರುವೆವೋ? ನಮ್ಮ ಮನೆಯ ಬಾಗಿಲನ್ನು ಕಾಯುವ ಕಟ್ಟಳೆಯೇ ನೆರೆಯವನ ಬಾಗಿಲನ್ನೂ ಕಾಯುತ್ತದೆ.

ಐಶ್ವರ್ಯವಂತನಾದ ಆ ಮನುಷ್ಯನ ಸಂಗತಿಯನ್ನು ಮಾರ್ಕನ ಸುವಾರ್ತೆಯಲ್ಲಿ ಓದಿರಿ. ಅವನು ಓಡಿ ಬಂದು ಮೊಣಕಾಲೂರಿದನು. ಕರ್ತನು ಅವನನ್ನು ನೋಡಿ ಪ್ರೀತಿಸಿದನು; ಸತ್ಯವನ್ನು ಬಚ್ಚಿಡದೆ ಹೇಳಿದನು. ಅವನು ವ್ಯಸನದಿಂದ ಹೊರಟುಹೋದಾಗ ಕರ್ತನು ಹಿಂದೆ ಓಡಲಿಲ್ಲ, ಬಾಗಿಲು ಹಾಕಲಿಲ್ಲ, ಬೇಡಿಕೆಯನ್ನು ಕಡಿಮೆ ಮಾಡಲಿಲ್ಲ. ಹೋಗುವ ಸ್ವಾತಂತ್ರ್ಯವಿದ್ದವನು ಬಂದರೆ ಮಾತ್ರ ಅದು ಬರುವಿಕೆಯೆನಿಸುವದು.

ಆದುದರಿಂದ ಬೋಧಕರಿಗೂ ತಂದೆತಾಯಿಗಳಿಗೂ ನಮ್ಮ ಬಿನ್ನಹವೇನಂದರೆ: ಕಟ್ಟಳೆಯು ಬೇಡವೆಂದಲ್ಲಿ ತೋರಿಸಲೇಬೇಡಿರಿ. ಎಲ್ಲಾ ಮತಸ್ಥರ ಮಕ್ಕಳು ಕೂಡುವ ನಮ್ಮ ಶಾಲೆಗಳಲ್ಲಿ ಹೆತ್ತವರನ್ನು ಮುಂಚಿತವಾಗಿ ಕೇಳಿರಿ. ಬೇಡವೆಂದವರ ಮಗುವಿಗೆ ಆ ತಾಸಿನಲ್ಲಿ ಬೇರೆ ಒಳ್ಳೆಯ ಕೆಲಸ ಕೊಡಿರಿ, ಅದಕ್ಕೆ ನಾಚಿಕೆಯಾಗದಂತೆ ನೋಡಿರಿ. ನಮ್ಮ ಸಭೆಯ ಮಕ್ಕಳಿಗಾದರೆ ಮೊದಲು ಅಧ್ಯಾಯವನ್ನು ಓದಿ, ಆಮೇಲೆ ಚಿತ್ರದ ಸ್ವಲ್ಪ ಭಾಗವನ್ನು ತೋರಿಸಿ, ನಡುವೆ ನಿಲ್ಲಿಸಿ, ಪುಸ್ತಕದಲ್ಲಿ ಇಲ್ಲದ್ದು ಇಲ್ಲಿ ಏನು ಸೇರಿದೆ ಎಂದು ಕೇಳಿರಿ. ಪರದೆಯ ಮೇಲಿರುವವನು ನಟನೆಂದು ಸ್ಪಷ್ಟವಾಗಿ ಹೇಳಿರಿ. ಚಿಕ್ಕವರಿಗೆ ಕೊರಡೆಯನ್ನೂ ಮೊಳೆಗಳನ್ನೂ ತೋರಿಸಿ ಹೆದರಿಸಬೇಡಿರಿ. ಪ್ರೊಜೆಕ್ಟರು ಇಲ್ಲದ ಹಳ್ಳಿಯವರು ಚಿಂತಿಸಬೇಕಾಗಿಲ್ಲ. ಒಂದು ಹಿಡಿ ಜೋಳ, ಒಂದು ಸಾಸಿವೆಕಾಳು, ಒಂದು ದೀಪ ಇವೇ ಸಾಕಾದಷ್ಟು ಸಲಕರಣೆ.

ಚಿತ್ರವು ಮುಗಿದು ದೀಪ ಹತ್ತಿದ ಮೇಲೆ ಮಗುವು ತಿರುಗಿ ನೋಡುವದು ಬೋಧಕನ ಮುಖವನ್ನೇ. ಪರದೆಯ ಮೇಲೆ ಕಂಡ ದಯೆಯು ಆ ಮುಖದಲ್ಲಿಯೂ ಇದೆಯೋ ಎಂದು ಅದು ಮಾತಿಲ್ಲದೆ ಕೇಳುತ್ತದೆ. ಆ ಪ್ರಶ್ನೆಗೆ ಯಾವ ಯಂತ್ರವೂ ಉತ್ತರ ಕೊಡಲಾರದು. ನಾವೇ ಕೊಡಬೇಕು.