ಕಟ್ ಮತ್ತು ಕಂತು

ಮುಂಬಯಿಗೆ ಬಂದ ಹೊಸತರಲ್ಲಿ ಕಲಿಯಬೇಕಾದ ಶಬ್ದಗಳು ಬಹಳ. ಖೋಲಿ, ಪಗಡಿ, ಡಿಪಾಜಿಟ್ಟು ಇವೆಲ್ಲ ಮೊದಲ ತಿಂಗಳಲ್ಲೇ ಬಾಯಿಗೆ ಬರುತ್ತವೆ. 'ಕಟ್ ಪ್ರಾಕ್ಟೀಸ್' ಎಂಬುದು ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದ ಮೇಲೆ ಬರುತ್ತದೆ. ಊರಿನ ಓದುಗರಿಗೆ ಶಬ್ದ ಹೊಸತಿರಬಹುದು, ಸಂಗತಿ ಹೊಸತಾಗಿರಲಾರದು. ಬಡಾವಣೆಯ ಡಾಕ್ಟರು ರೋಗಿಯನ್ನು ಸ್ಕ್ಯಾನಿಂಗಿಗೋ ದೊಡ್ಡ ಆಸ್ಪತ್ರೆಯ ತಜ್ಞರ ಬಳಿಗೋ ಕಳಿಸುತ್ತಾರೆ. ರೋಗಿ ಅಲ್ಲಿ ಕಟ್ಟಿದ ಹಣದಲ್ಲಿ ಒಂದು ಪಾಲು ತಿಂಗಳ ಕೊನೆಗೆ ಲಕೋಟೆಯಲ್ಲಿ ಕಳಿಸಿದವರ ಕೈಗೆ ಬರುತ್ತದೆ. ಅದೇ ಕಟ್. ರಸೀದಿಯಲ್ಲಿ ಅದು ಕಾಣುವುದಿಲ್ಲ.

ನಿಯಮ ಇಲ್ಲವೆಂದಲ್ಲ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನೀತಿ ನಿಯಮಾವಳಿ ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಕೊಡುವುದನ್ನೂ ಪಡೆಯುವುದನ್ನೂ ನಿಷೇಧಿಸಿದೆ. 2017ರಲ್ಲಿ ಇಲ್ಲಿನ ಏಷ್ಯನ್ ಹಾರ್ಟ್ ಇನ್‌ಸ್ಟಿಟ್ಯೂಟ್ ತಾನು ವೈದ್ಯರಿಗೆ ಕಮಿಷನ್ ಕೊಡುವುದಿಲ್ಲವೆಂದು ದೊಡ್ಡ ಫಲಕ ಹಾಕಿಸಿದಾಗ, ಇಡೀ ವೃತ್ತಿಗೆ ಮಸಿ ಬಳಿದಂತಾಯಿತೆಂದು ವೈದ್ಯರ ಸಂಘದಿಂದ ಆಕ್ಷೇಪ ಬಂತು. ಅದೇ ವರ್ಷ ಮಹಾರಾಷ್ಟ್ರ ಸರಕಾರ ಕಟ್ ವಿರುದ್ಧ ಪ್ರತ್ಯೇಕ ಕಾಯ್ದೆಯ ಕರಡನ್ನೂ ಬರೆಸಿತು. ಕರಡು ಬರೆಸುವುದರಲ್ಲಿ ನಮ್ಮ ಸರಕಾರಗಳು ಎಂದೂ ಹಿಂದೆ ಬಿದ್ದಿಲ್ಲ.

ಕಟ್ ತಪ್ಪು ಎನ್ನಲು ಎಂ.ಕಾಂ. ಓದಬೇಕಾಗಿಲ್ಲ. ಆದರೆ ತಪ್ಪು ನಿಖರವಾಗಿ ಎಲ್ಲಿದೆ? ಸ್ಕ್ಯಾನ್ ನಿಜವಾಗಿ ಬೇಕಿತ್ತು, ಕೇಂದ್ರವೂ ಒಳ್ಳೆಯದು, ರೋಗಿ ಎಲ್ಲಿಗೆ ಹೋದರೂ ಅಷ್ಟೇ ಹಣ ಕೊಡಬೇಕಿತ್ತು ಎಂದಿಟ್ಟುಕೊಳ್ಳಿ. ಯಾರಿಗೇನು ನಷ್ಟ? ಇದು ಕುಹಕದ ಪ್ರಶ್ನೆಯಲ್ಲ, ಯೋಚಿಸುವ ವೈದ್ಯರೇ ಕೇಳುವ ಪ್ರಶ್ನೆ.

ನನಗೆ ತೋಚುವ ಉತ್ತರ ಬ್ಯಾಂಕಿನದು. ಸ್ವಂತ ನೆಂಟರ ಸಾಲವನ್ನು ಅಧಿಕಾರಿ ತಾನೇ ಮಂಜೂರು ಮಾಡುವಂತಿಲ್ಲ. ಪ್ರತಿಯೊಬ್ಬ ಅಧಿಕಾರಿಯೂ ಭಾವಮೈದುನನಿಗೆ ಕೆಟ್ಟ ಸಾಲವನ್ನೇ ಕೊಡುತ್ತಾನೆಂದು ಯಾರೂ ಭಾವಿಸಿಲ್ಲ. ಕೊಟ್ಟದ್ದು ಒಳ್ಳೆಯ ಸಾಲವೇ ಆದರೂ ಅದು ಒಳ್ಳೆಯದೆಂದು ಹೇಳುವ ದಾರಿ ಮುಚ್ಚಿಹೋಗುತ್ತದೆ. ಆಡಿಟರಿಗೆ ಮಾತ್ರವಲ್ಲ, ಸಹಿ ಹಾಕಿದವನಿಗೂ. ಡಾಕ್ಟರ ಬಳಿ ರೋಗಿ ಪಡೆಯಲು ಹೋಗುವುದು ಒಂದು ತೀರ್ಮಾನವನ್ನು. ಸ್ಕ್ಯಾನು, ಔಷಧಿ ಅದರ ಹಿಂದಿನಿಂದ ಬರುವಂಥವು. ಆ ತೀರ್ಮಾನಕ್ಕೆ ಲಕೋಟೆ ಸೇರಿಕೊಂಡ ಮೇಲೆ, ತಾನು ತಲೆನೋವು ನೋಡಿ ಬರೆದೆನೋ ಲಕೋಟೆ ನೆನೆದು ಬರೆದೆನೋ ಎಂದು ಬರೆದವರಿಗೇ ಖಾತ್ರಿಯಾಗಿ ಹೇಳಲಾಗದು.

ಡೊಂಬಿವಲಿಯಲ್ಲಿ ನಮ್ಮ ಕುಂದಾಪುರ ಕಡೆಯ ಡಾಕ್ಟರೊಬ್ಬರಿದ್ದಾರೆ. ಅವರು ಲಕೋಟೆ ಮುಟ್ಟುವುದಿಲ್ಲ. "ನನ್ನ ಪಾಲನ್ನು ರೋಗಿಯ ಬಿಲ್ಲಿನಲ್ಲೇ ಕಮ್ಮಿ ಮಾಡಿ" ಎಂದು ಸ್ಕ್ಯಾನಿಂಗ್ ಕೇಂದ್ರದವರಿಗೆ ಹೇಳಿದ್ದಾರೆ. ಎಷ್ಟು ಒಳ್ಳೆಯ ಕೆಲಸ ಎಂದು ನಾನು ಹೊಗಳಿದರೆ ಅವರಿಗೆ ಸಮಾಧಾನವಿಲ್ಲ.

"ನನ್ನ ಚೀಟಿ ತಂದವರಿಗೆ ಕಮ್ಮಿ, ಬೇರೆಯವರಿಗೆ ಪೂರ್ತಿ. ಜನ ನನ್ನಲ್ಲಿಗೇ ಬರ್ತಾರೆ. ಇದೂ ಒಂದು ನಮೂನೆಯ ಕಟ್ಟೇ ಅಲ್ವಾ ರಾಯರೇ?"

"ಅಲ್ಲ ಮಾರಾಯ್ರೆ, ಇದು ರಸೀದಿಯಲ್ಲಿ ಕಾಣ್ತದೆ" ಎಂದೆ. ನಕ್ಕರು, ಒಪ್ಪಲಿಲ್ಲ.

ಕೇಂದ್ರದವರ ಕಡೆಯಿಂದಲೂ ನೋಡಬೇಕು. ಯಂತ್ರಕ್ಕೆ ಕೋಟಿಗಟ್ಟಲೆ ಸಾಲ ಕೇಳಿ ಬಂದವರ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ದಿನಕ್ಕೆ ಇಂತಿಷ್ಟು ಸ್ಕ್ಯಾನ್ ಎಂದು ಬರೆದಿರುತ್ತದೆ. ಕಂತು ತೀರುತ್ತದೋ ಇಲ್ಲವೋ ಎಂದು ಬ್ಯಾಂಕು ನೋಡುವುದು ಆ ಅಂಕಿಯ ಮೇಲೇ. ಲೆಕ್ಕಶಾಸ್ತ್ರದ ಪ್ರಕಾರ ಸರಿಯಾದ ಕ್ರಮವೇ. ಆದರೆ ಆ ಪೇಟೆಯ ಜನರ ಕಾಯಿಲೆಗೆ ನಮ್ಮ ತಖ್ತೆಯ ಹಂಗಿಲ್ಲ. ಯಾರಿಗೂ ತಲೆನೋವು ಬಾರದ ತಿಂಗಳಲ್ಲೂ 5ನೇ ತಾರೀಕಿಗೆ ಕಂತು ಬರುತ್ತದೆ. ಆಗ ಲಕೋಟೆಗಳು ಹೊರಡುತ್ತವೆ.

ಈಚಿನ ಸಮಸ್ಯೆ ಲಕೋಟೆಗಿಂತ ಕಷ್ಟದ್ದು. ಈ ಡಾಕ್ಟರ ಮಗಳೂ ಡಾಕ್ಟರು. ಖಾಸಗಿ ಕಾಲೇಜಿನಲ್ಲಿ ಓದಿದ ಸಾಲ ಇನ್ನೂ ಇದೆ. ದೊಡ್ಡ ಆಸ್ಪತ್ರೆಯೊಂದರಲ್ಲಿ ಕೆಲಸ. ಅಲ್ಲಿ ತಿಂಗಳಿಗೊಮ್ಮೆ ಮೀಟಿಂಗ್: ಹೊರರೋಗಿಗಳು ಎಷ್ಟು, ಅವರಲ್ಲಿ ಎಷ್ಟು ಮಂದಿ ಅಡ್ಮಿಟ್ ಆದರು. ಇದಕ್ಕೆ ಕನ್ವರ್ಷನ್ ಎನ್ನುತ್ತಾರಂತೆ. ನಾನು ಮತಾಂತರಕ್ಕಷ್ಟೇ ಆ ಶಬ್ದವೆಂದು ತಿಳಿದಿದ್ದೆ. ಸುಳ್ಳು ಬರೆ ಎಂದು ಯಾರೂ ಆಕೆಗೆ ಹೇಳಿಲ್ಲ. "ನಿಮ್ಮ ಅಂಕಿ ಸ್ವಲ್ಪ ಕಡಿಮೆ ಇದೆ" ಎಂದಷ್ಟೇ ಹೇಳುತ್ತಾರೆ. ಬ್ಯಾಂಕುಗಳು ವಿಮಾ ಪಾಲಿಸಿ ಮಾರಲು ತೊಡಗಿದ ಮೇಲೆ ನಾವೂ ಕೇಳಿದ ಮಾತೇ ಅದು. ಪೆನ್ಶನ್ ತೆಗೆಯಲು ಬಂದ ಮುದುಕರ ಮುಂದೆ ಪಾಲಿಸಿಯ ಕಾಗದ ಹಿಡಿಯಬೇಕಿತ್ತು. ಅವರು ನಂಬಿದ್ದು ಕೌಂಟರಿನಲ್ಲಿ ಕೂತವರನ್ನು, ಪಾಲಿಸಿಯನ್ನಲ್ಲ.

ಅಪ್ಪನಿಗಾದರೆ ಹಿಂದಿರುಗಿಸಲು ಒಂದು ಲಕೋಟೆಯಿತ್ತು. ಮಗಳು ಏನನ್ನು ಹಿಂದಿರುಗಿಸಬೇಕು? ಆಕೆಗೆ ಬರುವುದು ಸಂಬಳ, ತೆರಿಗೆ ಮುರಿದು, ಫಾರ್ಮ್ 16 ಸಮೇತ. ಎಲ್ಲವೂ ರಸೀದಿಯಲ್ಲೇ ಇದೆ. ರಸೀದಿಯಲ್ಲಿ ಕಂಡರೆ ಸಾಕು ಎಂದು ನಾನು ಡಾಕ್ಟರಿಗೆ ಕೊಟ್ಟ ಉತ್ತರ ಇಲ್ಲಿ ನಿಲ್ಲುವುದಿಲ್ಲ.

ಲೆಜರಿನಲ್ಲಿ ಕಾಣುವುದನ್ನು ಕಾನೂನು ಹಿಡಿಯಬಲ್ಲದು. ವೈದ್ಯರಿಗೆ ಕೊಟ್ಟ ಉಡುಗೊರೆಗಳನ್ನು ಔಷಧಿ ಕಂಪೆನಿಯೊಂದು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆ ವಿನಾಯಿತಿ ಕೇಳಿತ್ತು; ನಿಯಮ ಇರುವುದು ವೈದ್ಯರಿಗೆ, ನಮಗಲ್ಲ ಎಂಬುದು ಅದರ ವಾದ. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ, ಆ ಖರ್ಚು ಕಡೆಗೆ ಔಷಧಿಯ ಬೆಲೆಗೇ ಸೇರುತ್ತದೆಂದೂ ಹೇಳಿತು. 2017ರಲ್ಲಿ ಸರಕಾರ ಹೃದಯದ ಸ್ಟೆಂಟಿಗೆ ಗರಿಷ್ಠ ಬೆಲೆ ಗೊತ್ತುಮಾಡಿತು. ಲಕ್ಷ ದಾಟುತ್ತಿದ್ದ ಔಷಧಿ ಲೇಪಿತ ಸ್ಟೆಂಟು 29,600 ರೂಪಾಯಿಗೆ ಇಳಿಯಿತು. ದೊಡ್ಡ ಉಪಕಾರ. ಆದರೆ ಈ ಮನುಷ್ಯನಿಗೆ ಸ್ಟೆಂಟ್ ಬೇಕೋ ಬೇಡವೋ ಎಂಬುದಕ್ಕೆ ಗರಿಷ್ಠ ಬೆಲೆ ನಿಗದಿ ಮಾಡಲಾಗುವುದಿಲ್ಲವಲ್ಲ.

ಮೊನ್ನೆ ಡಾಕ್ಟರು ಮಗಳನ್ನು ಕರೆದುಕೊಂಡು ಬಂದಿದ್ದರು. ಕೆಲಸ ಬಿಟ್ಟು ಸ್ವಂತ ಕ್ಲಿನಿಕ್ ಹಾಕಬೇಕೆಂದು ಆಕೆಗೆ ಆಸೆ, ಲಕೋಟೆಯೂ ಬೇಡ, ಮೀಟಿಂಗೂ ಬೇಡ. "ಅಂಕಲ್, ಒಂದು ಲೆಕ್ಕ ಹಾಕಿ ಕೊಡಿ" ಎಂದಳು. ಹಾಕಿದೆ. ಬಾಡಿಗೆ 45,000, ಸಹಾಯಕಿ ಮತ್ತು ಕರೆಂಟು 25,000, ಸಾಲದ ಕಂತು 40,000, ಮನೆಖರ್ಚಿಗೆ 40,000. ಒಟ್ಟು ಒಂದೂವರೆ ಲಕ್ಷ. ಫೀಸು 300, ತಿಂಗಳಿಗೆ 25 ದಿನ. ಅಂದರೆ ದಿನಕ್ಕೆ 20 ರೋಗಿಗಳು ಬೇಕು.

ಡಾಕ್ಟರು ಕನ್ನಡಕ ಏರಿಸಿ ಆ ಅಂಕಿಯನ್ನೇ ನೋಡುತ್ತ ಕೂತರು. "ಮಳೆಗಾಲದಲ್ಲಿ ಬರ್ತಾರೆ" ಎಂದರು. "ಮಾರ್ಚಿನಲ್ಲಿ ಏನು ಮಾಡೂದು?"